ಬಿದ್ದ ಮರ ಫ್ರೀ ಸಿಕ್ಕಿದೆ, ಚೈನ್‌ಸಾ ಇದೆ, ಸೌದೆ ಮಾಡೋಕೆ ಎಲ್ಲಿಂದ ಶುರು ಮಾಡ್ಲಿ?

ಹಸಿಸೌದೆ:
ನಮಸ್ಕಾರ ಎಲ್ರಿಗೂ. ಗಾಳಿಮಳೆಗೆ ಪರಿಚಯದವರ ಜಾಗದಲ್ಲಿ ಮೂರು ಮರ ಉರುಳಿವೆ, ಅವ್ರಿಗೆ ಜಾಗ ಖಾಲಿ ಆದ್ರೆ ಸಾಕಂತೆ, ಸೌದೆ ನೀವೇ ತಗೊಂಡು ಹೋಗಿ ಅಂದಿದ್ದಾರೆ. ನನ್ನತ್ರ ಹದಿನಾರು ಇಂಚು ಬಾರ್ (ಚೈನ್ ಸುತ್ತೋ ಉದ್ದ ಪಟ್ಟಿ) ಇರೋ ಪೆಟ್ರೋಲ್ ಚೈನ್‌ಸಾ ಇದೆ, ಇಷ್ಟು ದಿನ ಅದ್ರಲ್ಲಿ ಕೊಯ್ದಿದ್ದು ತೋಳು ದಪ್ಪದ ಕೊಂಬೆ ಅಷ್ಟೇ, ದೊಡ್ಡ ದಿಮ್ಮಿಗೆ ಕೈ ಹಾಕಿಲ್ಲ.

ಒಂದು ಮರ ನೆಲಕ್ಕೆ ಪೂರ್ತಿ ಮಲಗಿದೆ, ಅಡಿಯಲ್ಲಿ ಸಿಕ್ಕಿರೋ ಕೊಂಬೆಗಳಿಂದ ಕಾಂಡದ ಅರ್ಧ ಭಾಗ ಮೇಲೆದ್ದಿದೆ. ಎರಡನೇದು ಬೇರುಸಮೇತ ಕಿತ್ಕೊಂಡು ಬಿದ್ದಿದೆ, ಬೇರು ಮಣ್ಣು ಎಲ್ಲ ಸೇರಿ ಆಳೆತ್ತರಕ್ಕೆ ಎದ್ದು ನಿಂತಿದೆ, ಹಿಂದೆ ಗುಂಡಿ. ಮೂರನೇದು ಮಧ್ಯಕ್ಕೆ ಮುರಿದು ಪಕ್ಕದ ಮರಕ್ಕೆ ಒರಗಿದೆ.

ಯಾವುದ್ರಿಂದ ಶುರು ಮಾಡ್ಲಿ, ಕೊಯ್ವಾಗ ಸಾ ಸಿಕ್ಕಿಹಾಕ್ಕೊಳ್ದೇ ಇರೋಕೆ ಏನ್ಮಾಡ್ಬೇಕು, ಕೊಯ್ದ ಸೌದೆ ಯಾವಾಗ ಒಲೆಗೆ ಹಾಕ್ಬಹುದು, ಇಷ್ಟು ಗೊತ್ತಾದ್ರೆ ಸಾಕು. ಇನ್ನೊಂದು, ಆ ದಪ್ಪ ಚೈನ್‌ಸಾ ಪ್ಯಾಂಟು ನಿಜವಾಗ್ಲೂ ಬೇಕಾ ಇಲ್ಲ ಜೀನ್ಸ್ ಸಾಕಾ?

ಬೆಣೆ_ಸುತ್ತಿಗೆ:
ಮೂರರಲ್ಲಿ ಒಂದೇ ನಿಮ್ಮದು, ಮಲಗಿರೋದು. ಒರಗಿರೋ ಮರನ ಲಿಸ್ಟಿಂದ ಈಗ್ಲೇ ತೆಗೆದುಬಿಡಿ. ಅದು ಯಾವ ಕೊಂಬೆಯ ಮೇಲೆ ನಿಂತಿದೆ, ಬುಡ ಯಾವ ಕಡೆ ಜಾರುತ್ತೆ, ಮೇಲೆ ಅರ್ಧ ಮುರಿದು ತೂಗ್ತಿರೋದು ಎಷ್ಟು ಅಂತ ಕೆಳಗೆ ನಿಂತವರಿಗೆ ಕಾಣಲ್ಲ. ತುಂಬ ಜನ ಮಾಡೋದೇನಂದ್ರೆ ಆಸರೆ ಕೊಟ್ಟಿರೋ ಮರನೇ ಕಡಿಯೋದು ಇಲ್ಲ ಒರಗಿರೋದನ್ನ ಬುಡದಿಂದ ತುಂಡು ತುಂಡಾಗಿ ಕೊಯ್ತಾ ಬರೋದು, ಎರಡೂ ಪ್ರಾಣಕ್ಕೆ ಕುತ್ತು. ಅದನ್ನ ದೂರದಿಂದ ವಿಂಚಿನಲ್ಲಿ (ಹಗ್ಗ ಸುತ್ತಿ ಎಳೆಯೋ ಯಂತ್ರ) ಬುಡ ಹಿಡಿದು ಎಳೆದು ಬೀಳಿಸ್ಬೇಕು, ಅದು ಬಲ್ಲವರ ಕೆಲಸ. ಅದು ಇಳಿಯೋ ತನಕ ಅದರ ಕೆಳಗೆ ಊಟದ ಬುತ್ತಿ ಕೂಡ ಇಡಬೇಡಿ.

ಬೇರುಸಮೇತ ಬಿದ್ದಿರೋದೂ ಸದ್ಯಕ್ಕೆ ಬೇಡ. ಕಾಂಡದ ಭಾರ ಇರೋದ್ರಿಂದ ಆ ಬೇರಿನ ಗಡ್ಡೆ ಹಾಗೆ ನಿಂತಿದೆ, ಕಾಂಡ ಕೊಯ್ದ ಕ್ಷಣ ಅದು ಗುಂಡಿಗೆ ವಾಪಸ್ ಕೂತ್ಕೊಳ್ಬಹುದು, ಮೋಟು ಸಮೇತ ಎದ್ದು ನಿಲ್ಬಹುದು, ಕೆಲವು ಸಲ ಮುಂದಕ್ಕೂ ಉರುಳುತ್ತೆ. ಗುಂಡಿ ಒಳಗೆ ಮಕ್ಕಳು ಆಡ್ತಾ ಇದ್ರೆ ಅಂತ ಯೋಚ್ನೆ ಮಾಡಿ. ಬೇಕಿದ್ರೆ ತುದಿಯ ಕಡೆ ಕೊಂಬೆಗಳನ್ನ ಮಾತ್ರ ತಗೊಳ್ಳಿ, ಬುಡದ ಹತ್ರ ಹೋಗ್ಬೇಡಿ.

ಈಗ ಮಲಗಿರೋ ಮರ. ಇದನ್ನ ನೋಡಿ ಅಯ್ಯೋ ಬಿದ್ದಾಯ್ತಲ್ಲ ಇನ್ನೇನು ಭಯ ಅನ್ನೋದು ತಪ್ಪು ಲೆಕ್ಕ, ಭಾರ ಎಲ್ಲೋ ಕೂತಿರುತ್ತೆ, ಕಾಂಡ ಎಲ್ಲೋ ಬಾಗಿರುತ್ತೆ, ಬಾಗಿದ ಮರದ ಒಂದು ಮಗ್ಗುಲು ಒತ್ತಿಕೊಂಡಿರುತ್ತೆ ಇನ್ನೊಂದು ಮಗ್ಗುಲು ಎಳೆದುಕೊಂಡಿರುತ್ತೆ. ಒತ್ತಿರೋ ಕಡೆಯಿಂದಲೇ ಪೂರ್ತಿ ಕೊಯ್ತಾ ಹೋದ್ರೆ ಸೀಳು ಮುಚ್ಕೊಂಡು ಬಾರ್ ಹಿಡ್ಕೊಳ್ಳುತ್ತೆ. ಎಳೆದಿರೋ ಕಡೆ ಒಂದೇ ಸಲ ಕೊಯ್ದ್ರೆ ಮರ ಪಟ್ ಅಂತ ಸಿಡಿದು ಉದ್ದಕ್ಕೆ ಸೀಳುತ್ತೆ. ಅದಕ್ಕೆ ಒತ್ತಿರೋ ಕಡೆ ಮೊದಲು ಸುಮಾರು ಮೂರನೇ ಒಂದು ಭಾಗ, ಆಮೇಲೆ ಎಳೆದಿರೋ ಕಡೆಯಿಂದ ಬಂದು ಸೇರಿಸೋದು.

ಅಂದ್ರೆ ಎರಡೂ ತುದಿಗೆ ಆಸರೆ ಇದ್ದು ಮಧ್ಯ ಗಾಳಿಯಲ್ಲಿದ್ರೆ ಮೇಲ್ಭಾಗ ಒತ್ತಿರುತ್ತೆ, ಮೇಲಿಂದ ಸ್ವಲ್ಪ ಕೊಯ್ದು ಉಳಿದಿದ್ದು ಕೆಳಗಿಂದ ಮೇಲಕ್ಕೆ. ಒಂದೇ ತುದಿಗೆ ಆಸರೆ ಇದ್ದು ಇನ್ನೊಂದು ತುದಿ ಜೋತಿದ್ರೆ ಕೆಳಭಾಗ ಒತ್ತಿರುತ್ತೆ, ಕೆಳಗಿಂದ ಮೂರನೇ ಒಂದು ಭಾಗ ಮೊದಲು, ಆಮೇಲೆ ಮೇಲಿಂದ. ಬಾರಿನ ಮೇಲಂಚಲ್ಲಿ ಕೊಯ್ವಾಗ ಸಾ ನಿಮ್ಮ ಕಡೆ ತಳ್ಳುತ್ತೆ, ಕೆಳಂಚಲ್ಲಿ ಕೊಯ್ವಾಗ ನಿಮ್ಮಿಂದ ದೂರ ಎಳೆಯುತ್ತೆ, ಇದು ಮೊದಲೇ ಗೊತ್ತಿದ್ರೆ ಗಾಬರಿ ಆಗಲ್ಲ. ಕೊಯ್ತಾ ಕೊಯ್ತಾ ಸೀಳಿನ ಮೇಲೇ ಕಣ್ಣಿರಲಿ, ಅದು ಕೂದಲೆಳೆಯಷ್ಟು ಕಿರಿದಾದ್ರೂ ಸಾ ಹೊರಗೆ ತೆಗೆದು ಬೆಣೆ ಹೊಡೀರಿ. ಪ್ಲಾಸ್ಟಿಕ್ ಇಲ್ಲ ಮರದ ಬೆಣೆ, ಕಬ್ಬಿಣದ್ದು ಬೇಡ, ಚೈನ್ ತಾಗಿದ್ರೆ ಹಲ್ಲು ಹೋಯ್ತು.

ಕಾಂಡನ ಮೇಲೆತ್ತಿ ಹಿಡಿದಿರೋ ಅಡಿಯ ಕೊಂಬೆಗಳನ್ನ ಕೊನೇಗೆ ಬಿಡಿ. ಮೊದಲು ಮೇಲಿನ, ಬದಿಯ ಕೊಂಬೆ. ಕಾಂಡದ ಅಡಿ ಸಿಕ್ಕಿ ಬಿಲ್ಲಿನ ಥರ ಬಾಗಿರೋ ಎಳೆ ಗಿಡ ಕಂಡ್ರೆ ಅದನ್ನ ನೇರವಾಗಿ ಕತ್ತರಿಸ್ಬೇಡಿ, ಬಾಗಿನ ಒಳಮಗ್ಗುಲು ಸ್ವಲ್ಪ ಸ್ವಲ್ಪ ಕೆರೆದು ಬಿಗಿ ಇಳಿಸಿ. ಇಳಿಜಾರಾಗಿದ್ರೆ ಯಾವಾಗ್ಲೂ ಮೇಲ್ಗಡೆ ನಿಂತ್ಕೊಳ್ಳಿ. ಎಲ್ಲಕ್ಕಿಂತ ಮೊದಲು ವಿದ್ಯುತ್ ತಂತಿ ಸಿಕ್ಕಿಹಾಕ್ಕೊಂಡಿದ್ಯಾ ನೋಡಿ, ಇದ್ರೆ ಅಲ್ಲಿಗೇ ಕೆಲಸ ಬಂದ್.

ಅರದ_ಮೊನೆ:
ಮ್ಯಾಲಿನವ್ರು ಮರದ್ದು ಹೇಳ್ಯಾರ, ನಾ ಮಷೀನಿಂದು ಹೇಳ್ತೀನ್ರಿ. ಮೊಂಡ ಚೈನ್ ಹಿಡಕೊಂಡು ದೊಡ್ಡ ದಿಮ್ಮಿಗಿ ಹೋಗಬ್ಯಾಡ್ರಿ. ಚೂಪು ಚೈನಿನಿಂದ ಚೆಕ್ಕಿ ಬೀಳ್ತೈತಿ, ಮೊಂಡಾದ್ರ ಹಿಟ್ಟಿನಂಥ ಪುಡಿ ಬೀಳ್ತೈತಿ, ಇದೊಂದ ಗುರುತು ಸಾಕು. ಪುಡಿ ಬರಾಕ ಹತ್ತಿದ್ರ ನೀವು ಸಾ ಒತ್ತಾಕ ಶುರು ಮಾಡ್ತೀರಿ, ಒತ್ತಿದಷ್ಟೂ ಬಾರ್ ಕಾಯ್ತೈತಿ, ಕೈ ಸೋಲ್ತೈತಿ, ಸೋತ ಕೈಯಾಗ ಸಾ ಅಂದ್ರ ಮುಂದಿಂದು ನಾ ಹೇಳೂದು ಬ್ಯಾಡ.

ಅರ ಯಾವ್ದು ಅಂತ ಚೈನಿನ ಪಿಚ್, ಅಂದ್ರ ಕೊಂಡಿಗಳ ನಡುವಿನ ಅಳತಿ, ನೋಡಿ ತುಗೋರಿ. ಸಣ್ಣ ಸಾ ಒಳಗ ಸಾಮಾನ್ಯವಾಗಿ ಲೋ ಪ್ರೊಫೈಲ್ (ಗಿಡ್ಡ ಹಲ್ಲಿನ) ಮೂರು ಬೈ ಎಂಟು ಇಂಚು ಇರ್ತೈತಿ, ಅದಕ್ಕ 4 ಮಿ.ಮೀ. ದುಂಡ ಅರ. 0.325 ಇಂಚು ಪಿಚ್ ಇದ್ರ 4.8 ಮಿ.ಮೀ. ಹಲ್ಲಿನ ಮ್ಯಾಲ ಒಂದು ಗೆರಿ ಕೊರದಿರ್ತಾರ, ಅರ ಆ ಕೋನಕ್ಕ ಹಿಡದು ಒಳಗಿಂದ ಹೊರಗ ಒಂದ ದಿಕ್ಕಿಗೆ ತಳ್ರಿ, ಹಿಂದಕ್ಕ ಬರಾಗ ಎತ್ತಿ ತರ್ರಿ. ಎಲ್ಲಾ ಹಲ್ಲಿಗೂ ಅಷ್ಟಷ್ಟ ಸಲ, ಇಲ್ಲಾಂದ್ರ ಸಾ ಒಂದ ಕಡೆ ವಾರೆ ಕೊಯ್ತೈತಿ. ಹಲ್ಲಿನ ಮುಂದ ಒಂದು ಗಿಡ್ಡ ಗುಬಟಿ ಇರ್ತೈತಿ ನೋಡ್ರಿ, ಅದ ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತೀರ್ಮಾನ ಮಾಡೂದು, ನಾಕೈದು ಸಲ ಅರ ಹಿಡದ ಮ್ಯಾಲ ಅದನ್ನೂ ಚಪ್ಪಟಿ ಅರದಿಂದ ಇಳಿಸಬೇಕು, ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗು ಇದ್ರ ಸಾಕು. ಭಾಳ ಇಳಿಸಿದ್ರ ಸಾ ಕಚ್ಚಿ ಜಗ್ತೈತಿ, ಕಿಕ್‌ಬ್ಯಾಕ್ ಹೆಚ್ಚು.

ಕಿಕ್‌ಬ್ಯಾಕ್ ಅಂದ್ರ ಬಾರಿನ ಮೂತಿಯ ಮ್ಯಾಲಿನ ಕಾಲು ಭಾಗ ಏನರ ತಾಗಿದ್ರ ಸಾ ಮಾರಿಗಿ ಎದ್ದು ಬರೂದು, ಕಣ್ಣು ಮಿಟುಕಿಸೂದ್ರಾಗ ಬರ್ತೈತಿ, ನಾ ಹಿಡೀತೀನಿ ಅನ್ನೂದು ಆಗೂದಿಲ್ಲ. ಕೊಂಬಿ ಗುಂಪಿನಾಗ ಮೂತಿ ಎಲ್ಲಿ ಐತಿ ಅಂತ ನೋಡ್ಕೋತ ಇರ್ರಿ. ಎಡಗೈ ಹೆಬ್ಬಟ್ಟು ಮುಂದಿನ ಹಿಡಿಕಿ ಸುತ್ತ ಬಿಗಿಯಾಗಿ ಇರ್ಲಿ, ಭುಜಕ್ಕಿಂತ ಮ್ಯಾಲ ಸಾ ಎತ್ತಬ್ಯಾಡ್ರಿ, ಒಂದ ಕೈಲೆ ಅಂತೂ ಬ್ಯಾಡ. ಚೈನ್ ಬ್ರೇಕ್ ಕೆಲಸ ಮಾಡ್ತೈತೇನು ಅಂತ ದಿನಾ ಶುರು ಮಾಡೂ ಮುಂಚೆ ಚೆಕ್ ಮಾಡ್ರಿ.

ಪೆಟ್ರೋಲಿಗೆ ಟು ಸ್ಟ್ರೋಕ್ ಆಯಿಲ್ 50:1 ಅಂದ್ರ ಲೀಟರಿಗೆ 20 ಎಂ.ಎಲ್., ಆದ್ರ ನಿಮ್ಮ ಮಷೀನಿನ ಪುಸ್ತಕದಾಗ ಏನೈತಿ ಅದ ಹಾಕ್ರಿ. ಕಲಸಿದ್ದು ತಿಂಗಳಗಟ್ಲೆ ಇಡಬ್ಯಾಡ್ರಿ. ಬಾರಿಗೆ ಬ್ಯಾರೆ ಆಯಿಲ್, ಅಂಟು ಇರೂ ಚೈನ್ ಆಯಿಲ್. ಗಾಡಿಯಿಂದ ತಗದ ಕರೆ ಆಯಿಲ್ ಹಾಕ್ತಾರ ಕೆಲವ್ರು, ಅದ್ರಾಗ ಲೋಹದ ಪುಡಿ, ವಿಷ ಎಲ್ಲಾ ಇರ್ತೈತಿ, ಚೈನ್ ತಿರುಗಾಗ ಅದು ಮಂಜಿನಂಗ ಹಾರಿ ನಿಮ್ಮ ಮೈಮ್ಯಾಲ, ಮೂಗಿನಾಗ ಹೊಕ್ಕೈತಿ. ಆಯಿಲ್ ಬರ್ತೈತಿಲ್ಲೋ ನೋಡಾಕ ಬಾರಿನ ಮೂತಿ ಒಂದು ರಟ್ಟಿನ ಎದುರು ಹಿಡದು ರೇಸ್ ಮಾಡ್ರಿ, ಆಯಿಲ್ ಗೆರಿ ಮೂಡಬೇಕು.

ಚೈನ್ ಕಾದ ಮ್ಯಾಲ ಜೋತು ಬೀಳ್ತೈತಿ, ಆವಾಗ ಬಿಗಿ ಮಾಡಿದ್ರ ಕೆಲಸ ಮುಗದ ಮ್ಯಾಲ ಮತ್ತ ಸಡಿಲು ಮಾಡಿ ಇಡ್ರಿ, ತಣ್ಣಗಾಗಿ ಕುಗ್ಗಿದ್ರ ಬಾರು, ಬೇರಿಂಗಿನ ಮ್ಯಾಲ ಜಗ್ಗಾಟ ಬೀಳ್ತೈತಿ.

ಪ್ಯಾಂಟಿಂದು: ಜೀನ್ಸ್ ಅಂದ್ರ ಚೈನಿಗೆ ಕಾಗದ ಇದ್ದಂಗ. ಚೈನ್‌ಸಾ ಪ್ಯಾಂಟಿನ ಒಳಗ ಉದ್ದುದ್ದ ನಾರು ಇರ್ತಾವು, ಚೈನ್ ತಾಗಿದ ಕೂಡ್ಲೆ ಅವು ಎಳದ ಬಂದು ಸ್ಪ್ರಾಕೆಟ್‌ನಾಗ (ಚೈನ್ ತಿರುಗಿಸೂ ಹಲ್ಲುಗಾಲಿ) ಸುತ್ತಿ ಚೈನ್ ನಿಲ್ಲಿಸ್ತಾವು. ಕ್ಲಾಸ್ 1 ಅಂದ್ರ ಸೆಕೆಂಡಿಗೆ 20 ಮೀಟರ್ ಚೈನ್ ವೇಗಕ್ಕ ಟೆಸ್ಟ್ ಆಗಿದ್ದು, ಕ್ಲಾಸ್ 2 ಅಂದ್ರ 24. ಸಣ್ಣ ಸಾ ಕೂಡ ಆ ವೇಗದ ಆಸುಪಾಸು ಓಡ್ತೈತಿ. ಕಿವಿಗೆ ಮಫ್ ಹಾಕ್ರಿ, ಸಾ ಸದ್ದು 100 ಡೆಸಿಬಲ್ ದಾಟ್ತೈತಿ.

ಕೈಗರಗಸ:
ಎಲ್ರೂ ಹೇಗೆ ಕೊಯ್ಯೋದು ಹೇಳ್ತಿದೀರ, ಏನನ್ನ ಕೊಯ್ಬಾರ್ದು ಅಂತ ಯಾರೂ ಹೇಳಿಲ್ಲ. ಫ್ರೀ ಅಂದ ತಕ್ಷಣ ಸಿಕ್ಕಿದ್ದೆಲ್ಲ ಗಾಡಿಗೆ ಹೇರೋ ಚಟ ಇದೆಯಲ್ಲ, ಅದ್ರಿಂದ ಹಿತ್ತಲಲ್ಲಿ ಕೊಳೀತಿರೋ ರಾಶಿಗಳು ನಾನು ತುಂಬಾ ನೋಡಿದೀನಿ. ಕೈಯಲ್ಲಿ ಹಿಡಿದ್ರೆ ಹೂವಿನಷ್ಟು ಹಗುರ ಇರೋದು, ಉಗುರು ಒತ್ತಿದ್ರೆ ಒಳಗೆ ಹೋಗೋದು, ಅಣಬೆ ಎದ್ದಿರೋದು, ಗೆದ್ದಲು ತಿಂದಿರೋದು, ಇದೆಲ್ಲ ಅಲ್ಲೇ ಬಿಡಿ, ಮಣ್ಣಿಗೆ ಒಳ್ಳೇದು. ಪೊಟರೆ ಇರೋ ದಿಮ್ಮಿಗೆ ಸಾ ಹಚ್ಚೋ ಮುಂಚೆ ಕೋಲಲ್ಲಿ ತಟ್ಟಿ ನೋಡಿ, ಒಳಗೆ ಹಾವು, ಚೇಳು, ಜೇನು ಏನು ಬೇಕಾದ್ರೂ ಇರ್ಬಹುದು.

ಬೇಲಿ ಸಾಲಿನ ಮರ, ಮನೆ ಅಂಗಳದ ಮರ ಫ್ರೀ ಕೊಡ್ತೀವಿ ಅಂದ್ರೆ ಒಂದ್ಸಲ ಯೋಚ್ನೆ ಮಾಡಿ. ಆಳೆತ್ತರದವರೆಗೂ ಮೊಳೆ, ತಂತಿ, ಕೊಕ್ಕೆ ಎಲ್ಲ ಮರದೊಳಗೆ ಮುಚ್ಕೊಂಡಿರುತ್ತೆ, ತೊಗಟೆ ಮೇಲೆ ಏನೂ ಕಾಣಲ್ಲ. ಕೊಯ್ದ ಮುಖದಲ್ಲಿ ನೀಲಿ ಕಪ್ಪು ಕಲೆ ಕಂಡ್ರೆ ಹತ್ರದಲ್ಲಿ ಕಬ್ಬಿಣ ಇದ್ರೂ ಇರ್ಬಹುದು, ಅಲ್ಲಿ ನಿಲ್ಲಿಸಿ.

ಪ್ಯಾಲೆಟ್ (ಸರಕು ಪೇರಿಸೋ ಹಲಗೆ ಚೌಕಟ್ಟು) ಮರ, ಕಟ್ಟಡದ ಹಳೇ ಮರ ಫ್ರೀ ಸಿಗುತ್ತೆ ಅಂತ ಅದನ್ನೂ ತರ್ತಾರೆ. ಪ್ಯಾಲೆಟ್ ಮೇಲೆ ಎಚ್‌ಟಿ ಅಂತ ಮುದ್ರೆ ಇದ್ರೆ ಬಿಸಿ ಕೊಟ್ಟು ಹುಳ ಸಾಯಿಸಿದ್ದು, ಬಣ್ಣ ಎಣ್ಣೆ ಚೆಲ್ಲಿರದಿದ್ರೆ ಸುಡಬಹುದು. ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ಗ್ಯಾಸ್ ಹಾಕಿದ್ದು, ಮುಟ್ಟಬೇಡಿ. ಬಣ್ಣ ಬಳಿದದ್ದು, ಪ್ಲೈವುಡ್, ಹಸಿರು ಛಾಯೆಯ ಟ್ರೀಟೆಡ್ (ಕೆಡದಂತೆ ರಾಸಾಯನಿಕ ಹಾಕಿದ) ಕಂಬ ಒಲೆಗೆ ಬೇಡವೇ ಬೇಡ, ಹಳೇ ಟ್ರೀಟೆಡ್ ಮರದಲ್ಲಿ ಆರ್ಸೆನಿಕ್ ಇರುತ್ತೆ, ಸುಟ್ರೆ ಹೊಗೆಯಲ್ಲೂ ಬೂದಿಯಲ್ಲೂ ಬರುತ್ತೆ. ಕಣಗಿಲೆ ಕೊಂಬೆನೂ ಅಷ್ಟೇ, ಇಡೀ ಗಿಡ ವಿಷ. ಚೇರು ಜಾತಿ ಮರದ ಸೊನೆ ಮೈಗೆ ಹಾರಿದ್ರೆ ಬೊಕ್ಕೆ ಏಳುತ್ತೆ, ಸಾ ಹಾಕಿದ್ರೆ ಹಾರೋ ಪುಡಿ ಎಲ್ಲೆಲ್ಲೋ ಹೋಗುತ್ತೆ. ಮರ ಯಾವ್ದು ಅಂತ ಗೊತ್ತಿಲ್ದೆ ಕೊಯ್ಬೇಡಿ.

ಇನ್ನು ಬಾಯಿಮಾತಿನ ಅನುಮತಿ. ಪರಿಚಯದವ್ರು ಅಂತೀರಿ ಸರಿ, ಆದ್ರೆ ಮರ ನಿಂತಿದ್ದ ಜಾಗ ನಿಜವಾಗ್ಲೂ ಅವರದ್ದಾ ಇಲ್ಲ ಗಡಿ ಮೇಲೆ ಇತ್ತಾ? ರಸ್ತೆ ಬದಿ, ಕಾಡಂಚು ಆದ್ರೆ ಬಿದ್ದ ಮರಕ್ಕೂ ಒಬ್ಬ ಮಾಲೀಕ ಇರ್ತಾನೆ, ಕೆಲವು ಜಾತಿ ಮರ ಸ್ವಂತ ಜಾಗದಲ್ಲಿದ್ರೂ ಸಾಗಿಸೋಕೆ ಪರವಾನಗಿ ಕೇಳ್ತಾರೆ. ಎರಡು ಸಾಲು ಮೆಸೇಜಲ್ಲಿ ಬರೆಸ್ಕೊಳ್ಳಿ, ಯಾವ ಮರ, ಎಲ್ಲಿ, ಯಾವಾಗ.

ಕೊನೇಗೆ ಬೈಕೊಂಡ್ರೂ ಪರವಾಗಿಲ್ಲ, ಮಣಿಕಟ್ಟು ದಪ್ಪದ ರೆಂಬೆಗೆ ಚೈನ್‌ಸಾ ದಂಡ. ಅದು ಸಾ ಮುಂದೆ ನಿಲ್ಲದೆ ಕುಣಿಯುತ್ತೆ, ಎಳ್ಕೊಂಡು ಹೋಗುತ್ತೆ. ಒಳ್ಳೆ ಬಿಲ್ಲುಗರಗಸ ಒಂದಿದ್ರೆ ಸದ್ದಿಲ್ದೆ ಆಗುತ್ತೆ. ಇಲ್ಲ ಅಂದ್ರೆ ಎಕ್ಸ್ ಆಕಾರದ ಸ್ಟ್ಯಾಂಡ್ ಎರಡು ಮಾಡ್ಕೊಂಡು ರೆಂಬೆಗಳನ್ನ ಕಟ್ಟಾಗಿ ಪೇರಿಸಿ, ಹಗ್ಗದಲ್ಲಿ ಬಿಗಿದು, ಒಟ್ಟಿಗೆ ಕೊಯ್ಯಿರಿ.

ಒಲೆಮುಂದೆ:
ಒಣಗಿಸುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಲ್ವಾ, ಕೊಯ್ಯುವುದರಲ್ಲೇ ಎಲ್ಲರಿಗೂ ಖುಷಿ.

ಈಗ ಬಿದ್ದ ಮರದ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರ್ತದೆ. ಪೂರ್ತಿ ಒಣಗಿದ ಮರ ಒಂದು ಕೆಜಿಗೆ ಸುಮಾರು 18 ರಿಂದ 19 ಮೆಗಾಜೌಲ್ ಶಾಖ ಕೊಡ್ತದೆ, ತೂಕದಲ್ಲಿ 20 ಶೇಕಡ ನೀರಿದ್ರೆ ಸುಮಾರು 14ರಿಂದ 15, ಅರ್ಧ ನೀರಿದ್ರೆ ಎಂಟರ ಹತ್ತಿರ. ಉಳಿದ ಮರ ಉರಿದು ಹುಟ್ಟಿಸುವ ಶಾಖದಲ್ಲಿ ಒಂದು ಪಾಲು ಆ ನೀರನ್ನು ಆವಿ ಮಾಡ್ಲಿಕ್ಕೆ ಹೋಗ್ತದೆ, ಒಲೆ ತಣ್ಣಗಿರ್ತದೆ, ಹೊಗೆ ಎದ್ದು ಚಿಮಣಿ ಒಳಗೆ ಟಾರಿನ ಹಾಗೆ ಅಂಟು ಕಟ್ತದೆ, ಆ ಅಂಟಿಗೆ ಕಿಡಿ ತಾಗಿದ್ರೆ ಚಿಮಣಿಯೇ ಹೊತ್ತಿಕೊಳ್ತದೆ.

ಇನ್ನೊಂದು ತಪ್ಪು ತಿಳುವಳಿಕೆ ಉಂಟು, ಗಟ್ಟಿ ಮರದಲ್ಲಿ ಶಾಖ ಜಾಸ್ತಿ ಅಂತ. ಒಂದೇ ತೂಕ ತಕೊಂಡ್ರೆ, ಒಂದೇ ಒಣಗಿದ ಹದ ಇದ್ರೆ, ಹೆಚ್ಚುಕಮ್ಮಿ ಎಲ್ಲ ಮರವೂ ಒಂದೇ. ಗಾಳಿಮರ, ಜಾಲಿಯಂಥವು ಒತ್ತಾಗಿರ್ತವೆ, ಅದೇ ಜಾಗದಲ್ಲಿ ಹೆಚ್ಚು ತೂಕ ಹಿಡೀತವೆ, ನಿಧಾನಕ್ಕೆ ಉರೀತವೆ, ಅಷ್ಟೇ. ಬೂರುಗದಂಥ ಹಗುರ ಮರ ಫ್ರೀ ಸಿಕ್ಕಿದ್ರೂ ಹೊತ್ತು ತರುವ ಶ್ರಮಕ್ಕೆ ಸರಿಹೋಗ್ತದಾ ಅಂತ ನೋಡಿ, ಬೆಂಕಿ ಹಿಡಿಸ್ಲಿಕ್ಕೆ ಒಂದಿಷ್ಟು ಬೇಕು, ರಾಶಿ ಬೇಡ.

ಮರದ ನೀರು ಹೊರಗೆ ಹೋಗುವುದು ಮುಖ್ಯವಾಗಿ ಕೊಯ್ದ ತುದಿಗಳಿಂದ, ಮತ್ತೆ ಸೀಳಿದ ಮುಖದಿಂದ. ತೊಗಟೆ ನೀರನ್ನು ಒಳಗೇ ಹಿಡಿದಿಡ್ತದೆ. ಹಾಗಾಗಿ ಉದ್ದ ದಿಮ್ಮಿಯಾಗಿ ವರ್ಷಗಟ್ಟಲೆ ಬಿಟ್ಟರೂ ಒಳಗೆ ಹಸಿಯೇ ಇರ್ತದೆ, ಅಷ್ಟರಲ್ಲಿ ಹೊರಗೆ ಕೊಳೀಲಿಕ್ಕೆ ಶುರುವಾಗಿರ್ತದೆ. ಮೊದಲು ಒಲೆಯ ಒಳಗಿನ ಉದ್ದ ಅಳೆದು ಅದಕ್ಕಿಂತ ನಾಲ್ಕೈದು ಸೆ.ಮೀ. ಕಮ್ಮಿ ಇಟ್ಟು ಒಂದು ಕೋಲು ಕತ್ತರಿಸಿಕೊಳ್ಳಿ, ಅದೇ ಅಳತೆಗೆ ದಿಮ್ಮಿ ಪೂರ್ತಿ ಸೀಮೆಸುಣ್ಣದ ಗುರುತು ಹಾಕಿ ಆಮೇಲೆ ಸಾ ಸ್ಟಾರ್ಟ್ ಮಾಡಿ. ಕೊಯ್ದ ತುಂಡುಗಳನ್ನು ಆದಷ್ಟು ಬೇಗ ಸೀಳಿ. ನೀಲಗಿರಿಯಂಥ, ಎಳೆಗಳು ತಿರುಚಿಕೊಂಡಿರುವ ಮರ ಹಸಿ ಇರುವಾಗ ಕೊಡಲಿಗೆ ಒಗ್ಗಿದರೆ ಒಗ್ಗಿತು, ಒಣಗಿದ ಮೇಲೆ ಕೊಡಲಿಯೇ ವಾಪಸ್ ನೆಗೀತದೆ. ದೊಡ್ಡ ಬೊಡ್ಡೆಯ ನಡುಮಧ್ಯಕ್ಕೆ ಹೊಡೀಬೇಡಿ, ಅಂಚಿಂದ ಚಕ್ಕೆ ಎಬ್ಬಿಸುತ್ತಾ ಬನ್ನಿ. ಗಂಟು ಇರುವ ತುಂಡು ಪಕ್ಕಕ್ಕಿಡಿ.

ರಾಶಿ ನೆಲಕ್ಕೆ ತಾಗಬಾರದು, ಕೆಳಗೆ ಎರಡು ಉದ್ದ ಕಂಬ ಹಾಕಿ ಅದರ ಮೇಲೆ ಪೇರಿಸಿ. ಮೇಲೆ ಮಾತ್ರ ಶೀಟ್, ಸುತ್ತ ತೆರೆದಿರ್ಲಿ. ಟಾರ್ಪಾಲಿನಲ್ಲಿ ಪೂರ್ತಿ ಸುತ್ತಿಡುವವರಿದ್ದಾರೆ, ಅದು ಒಣಗಿಸುವುದಲ್ಲ ಬೂಸ್ಟು ಬೆಳೆಸುವುದು. ಬಿಸಿಲು, ಗಾಳಿ ಚೆನ್ನಾಗಿದ್ರೆ ಆರು ತಿಂಗಳಿಂದ ಒಂದು ವರ್ಷ, ಒತ್ತು ಮರ, ದಪ್ಪ ತುಂಡು ಅದಕ್ಕೂ ಜಾಸ್ತಿ ಕೇಳ್ತದೆ. ಮನೆಗೋಡೆಗೆ ಒತ್ತಿ ಪೇರಿಸಬೇಡಿ, ಗೆದ್ದಲಿಗೆ ದಾರಿ ಮಾಡಿಕೊಟ್ಟ ಹಾಗೆ.

ಹಸಿಸೌದೆ:
ಇಷ್ಟೊಂದು ಬರೆದಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್. ಒರಗಿದ್ದು, ಬೇರಿಂದ ಕಿತ್ತಿದ್ದು ಎರಡನ್ನೂ ಬಿಟ್ಟೆ, ಮಾಲೀಕರಿಗೂ ಗುಂಡಿ ಹತ್ರ ಯಾರನ್ನೂ ಬಿಡ್ಬೇಡಿ ಅಂತ ಹೇಳ್ದೆ. ಎರಡು ಡೌಟು. ಇಷ್ಟೆಲ್ಲ ನೋಡ್ಕೊಂಡ ಮೇಲೂ ಬಾರ್ ಸಿಕ್ಕಿಹಾಕ್ಕೊಂಡ್ರೆ? ಮತ್ತೆ ಪೆಟ್ರೋಲ್ ಬದ್ಲು ಬ್ಯಾಟರಿ ಸಾ ಸೇಫಾ, ಗೆಳೆಯನ ಹತ್ರ ಒಂದಿದೆ.

ಬೆಣೆ_ಸುತ್ತಿಗೆ:
ಮೊದಲು ಎಂಜಿನ್ ಆಫ್. ಎಳೆದಾಡ್ಬೇಡಿ, ಬಾರ್ ಬಾಗುತ್ತೆ. ಸೀಳಿಗೆ ಬೆಣೆ ಹೊಡೆದು ಬಾಯಿ ಬಿಡಿಸಿ, ಇಲ್ಲ ದಿಮ್ಮಿ ಅಡಿಗೆ ಗಟ್ಟಿ ಗಳ ಕೊಟ್ಟು ಮೀಟಿ ಎತ್ತಿ, ಇನ್ನೊಬ್ರು ಸಾ ಮೆಲ್ಲಗೆ ಹಿಂದಕ್ಕೆ ತೆಗೀಲಿ. ಅದಕ್ಕೂ ಆಗ್ಲಿಲ್ಲ ಅಂದ್ರೆ ಬಾರಿನ ನಟ್ ಬಿಚ್ಚಿ ಎಂಜಿನ್ ಬೇರೆ ಮಾಡಿ ಪಕ್ಕಕ್ಕಿಡಿ, ಬಾರು ಚೈನು ಅಲ್ಲೇ ಇರ್ಲಿ, ಎರಡು ಮೂರು ಗೇಣು ಆಚೆ ಕೈಗರಗಸದಲ್ಲಿ ಕೊಯ್ದು ಭಾರ ಇಳಿಸಿ. ಸಿಕ್ಕಿರೋ ಸಾ ಬಿಡಿಸೋಕೆ ಅದರ ಪಕ್ಕದಲ್ಲೇ ಇನ್ನೊಂದು ಚೈನ್‌ಸಾ ಹಾಕೋದು ಬೇಡ, ಎರಡೂ ಹೋಗುತ್ತೆ.

ಅರದ_ಮೊನೆ:
ಬ್ಯಾಟರಿ ಸಾ ಹಗುರ, ಸದ್ದು ಕಮ್ಮಿ, ಸಣ್ಣ ಕೊಂಬಿಗೆ ಭಾರಿ ಚಲೋ. ಆದ್ರ ಸೇಫ್ ಅನ್ನಬ್ಯಾಡ್ರಿ. ಪೆಟ್ರೋಲ್ ಸಾ ಗುರ್ ಅಂತಿರ್ತೈತಿ, ಜೀವ ಐತಿ ಅಂತ ಗೊತ್ತಾಗ್ತೈತಿ. ಇದು ಸುಮ್ಮ ಇರ್ತೈತಿ, ಟ್ರಿಗರ್ ಒತ್ತಿದ ಕೂಡ್ಲೆ ಪೂರ್ತಿ ಜೋರಿಲೆ ತಿರಗ್ತೈತಿ. ಮೋಟಾರಿನ ಟಾರ್ಕ್ (ತಿರುಗಿಸೂ ಬಲ) ಜಾಸ್ತಿ, ಹಂಗಾಗಿ ಪ್ಯಾಂಟಿನ ನಾರಿಗೂ ಅದನ್ನ ನಿಲ್ಲಸೂದು ಕಷ್ಟ. ಚೈನ್ ಮುಟ್ಟೂ ಮುಂಚೆ ಬ್ಯಾಟರಿ ತಗದು ಕಿಸೆದಾಗ ಇಟ್ಕೋರಿ.

ಕೈಗರಗಸ:
ಒಬ್ರೇ ಹೋಗ್ಬೇಡಿ ಅನ್ನೋದು ಬಿಟ್ಟೋಗಿತ್ತು. ಜೊತೆಗೆ ಬರೋರು ಸಾ ಓಡ್ತಿರುವಾಗ ಹತ್ರ ಬರೋದು ಬೇಡ, ಕಣ್ಣಿಗೆ ಕಾಣೋ ದೂರದಲ್ಲಿದ್ರೆ ಸಾಕು. ರಕ್ತ ನಿಲ್ಲಿಸೋ ದಪ್ಪ ಬ್ಯಾಂಡೇಜು ಗಾಡಿಯಲ್ಲಲ್ಲ, ನಿಮ್ಮ ಸೊಂಟದ ಚೀಲದಲ್ಲಿ.

ಒಲೆಮುಂದೆ:
ಒಣಗಿತಾ ಇಲ್ವಾ ಅಂತ ಆಮೇಲೆ ಕೇಳ್ತೀರಿ, ಈಗಲೇ ಹೇಳಿಬಿಡ್ತೇನೆ. ತುದಿಯಲ್ಲಿ ಬಿರುಕು ಬಂತು ಅಂದ ಮಾತ್ರಕ್ಕೆ ಒಣಗಿದ ಹಾಗಲ್ಲ, ಹೊರಗೆ ಒಣಗಿ ಒಳಗೆ ಹಸಿ ಇದ್ರೂ ಬಿರುಕು ಬರ್ತದೆ. ಮಾಯಿಶ್ಚರ್ ಮೀಟರ್ (ತೇವ ಅಳೆಯುವ ಸಾಧನ) ಇದ್ರೆ ಒಂದು ತುಂಡನ್ನು ಹೊಸದಾಗಿ ಸೀಳಿ ಒಳಮುಖಕ್ಕೆ ಚುಚ್ಚಿ ನೋಡಿ, 20 ಶೇಕಡಕ್ಕಿಂತ ಕೆಳಗೆ ಬರಬೇಕು, ಹೊರಮೈಗೆ ಚುಚ್ಚಿದ್ರೆ ಸುಳ್ಳು ಲೆಕ್ಕ ತೋರಿಸ್ತದೆ. ಮೀಟರ್ ಇಲ್ಲದಿದ್ರೆ ರಾಶಿಯ ಮಧ್ಯದಿಂದ ಮೂರ್ನಾಲ್ಕು ತುಂಡಿಗೆ ಗುರುತು ಹಾಕಿ ತಿಂಗಳಿಗೊಮ್ಮೆ ತೂಕ ಮಾಡಿ ಅದರ ಮೇಲೇ ಬರೆದಿಡಿ, ತೂಕ ಇಳಿಯುವುದು ನಿಂತ ಮೇಲೆ ಒಲೆಗೆ ಹಾಕಿ.